ಬಚ್ಚಲದ ಮೇಲಿನ ಪತ್ರಾ

“ಬಾಯಾಗ ಹಂಚ ಇಟ್ಕೊಂಡೀಯೇನ? ‘ಸಾಹುಕಾರ್ರು ನಮಗ ತಂದಿ ಸಮಾನ’ ಅಂತ ಅನ್ನಾಕ ಎಷ್ಟೊತ್ತ ಬೇಕು?”

ಸಾಹುಕಾರನ ಗುಮಾಸ್ತ ಅಪ್ಪಣ್ಣ ಶೋಕಸಭೆಯಲ್ಲಿ ಆಡಬೇಕಾದ ಮಾತನ್ನು ನಾಲ್ಕನೇ ಸಲ ಹೇಳಿಕೊಡುತ್ತಿದ್ದ. ಇಪ್ಪತ್ತೈದು ವರ್ಷ ಸೂರಿಗೆ ಹೊದಿಸುವ ತಗಡಿನ ಪತ್ರಾ ಹೊತ್ತು ಏಣಿ ಹತ್ತಿದ ಸತ್ತೆವ್ವನಿಗೆ ಈ ಒಂದು ಸಾಲು ಹೊರಲಾಗುತ್ತಿರಲಿಲ್ಲ.

“ನಮ್ಮಪ್ಪ ಕುರಿ ಕಾಯಾಂವರಿ. ಸಾಹುಕಾರ್ರಿಗೆ ಹೆಂಗ ಸಮಾನ ಮಾಡ್ಲಿ?”

“ಹೇಳಿದಷ್ಟ ಅನ್ನು, ಕತ್ತೆ.”

ಅಂದು ಅಮೀನಸಾಬ ತೀರಿಕೊಂಡು ನಲವತ್ತು ದಿನ. ಮೂಡಲಗಿಯಿಂದ ಕುಲಗೋಡದವರೆಗೆ ಮನೆಗಳಿಗೆ ಹಂಚು ಹೊದಿಸಿದವನು, ಗೋದಾಮುಗಳಿಗೆ ಪತ್ರಾ ಬಡಿದವನು, ಆ ಕೆಲಸದ ಆಳುಗಳಿಗೆಲ್ಲ ಮುಖಂಡ. ಮದುವೆ ಮಾತುಕತೆಗೂ ಜನ ಅವನನ್ನೇ ಕರೆಯುತ್ತಿದ್ದರು, ಪೊಲೀಸ್ ಠಾಣೆಗೂ ಅವನನ್ನೇ ಕರೆದೊಯ್ಯುತ್ತಿದ್ದರು. ಅವನ ಶೋಕಸಭೆ ಇಟ್ಟವನು ಮಾತ್ರ ಗಜಾನನ ಸಾಹುಕಾರ. ಚುನಾವಣೆ ಹತ್ತಿರ ಬಂದಿತ್ತು. ಅವನ ಗೋದಾಮಿನ ಅಂಗಳದ ಬ್ಯಾನರಿನಲ್ಲಿ ಸಾಹುಕಾರ ಆಳೆತ್ತರ ಕೈಮುಗಿದು ನಿಂತಿದ್ದ. ಅಮೀನಸಾಬ ಅವನ ಮೊಣಕಾಲ ಹತ್ತಿರ ರೊಟ್ಟಿಯಷ್ಟಗಲ ಇದ್ದ. ಕುರ್ಚಿಗಳು ಗಣ್ಯರಿಗೆ. ಸತ್ತವನ ಹೆಂಡತಿ ಗುಡುಬಿ ಆಳುಗಳ ಜೊತೆ ನೆಲದ ಮೇಲೆ ಕೂತಿದ್ದಳು.

ಸಾಹುಕಾರ ಮೈಕ್ ಹಿಡಿದ. “ಅಮೀನಸಾಬ ಅಂದ್ರ ಭಾಳ ಸಂಭಾವಿತ. ಮೂವತ್ತು ವರ್ಷದಾಗ ನನ್ನ ಮುಂದ ಒಮ್ಮೆನೂ ತಲಿ ಎತ್ತಿ ಮಾತಾಡಿದಾಂವಲ್ಲ. ಈಗಿನ ಆಳುಗೋಳು ಅಂವನ್ನ ನೋಡಿ ಕಲೀಬೇಕು.”

ಅಮೀನಸಾಬನ ಜೊತೆಗಾರ ಅಲ್ತಾಫ ಸುಮ್ಮನೆ ಕೆಮ್ಮಿದ. ಸತ್ತೆವ್ವನ ಮೈ ಉರಿಯಿತು. ಕಲಿತ ಸಾಲು ಅಲ್ಲೇ ಸುಟ್ಟುಹೋಯಿತು. ಅಷ್ಟರಲ್ಲಿ ಅವಳ ಹೆಸರು ಕರೆದರು.

“ಸಾಹುಕಾರ್ರು ಹೇಳಿದ್ದು ಖರೆ ಐತ್ರಿ,” ಎಂದು ಶುರುಮಾಡಿದಳು. ಅಪ್ಪಣ್ಣ ಭೇಷ್ ಎಂಬಂತೆ ತಲೆಯಾಡಿಸಿದ. “ಅಮೀನಕಾಕಾ ಅವ್ರ ಮುಂದ ತಲಿ ಎತ್ತಲಿಲ್ಲ. ತಲಿ ಬಗ್ಗಿಸೇ ಮಾತಾಡಿದ. ಯಾಕಂದ್ರ ಅಂವ ಮ್ಯಾಲಿದ್ದ, ಸಾಹುಕಾರ್ರು ಕೆಳಗ ಬಚ್ಚಲದಾಗಿದ್ರು.”

ಅಂಗಳದಲ್ಲಿ ಕಿಸಕ್ಕೆಂದು ನಗು ಎದ್ದಿತು.

“ಇವ್ರ ಮನಿ ಮ್ಯಾಲ ಆರು ಮಂದಿ ಪತ್ರಾ ಹಾಕಾಕತ್ತಿದ್ವಿ. ಚಾ ಕುಡಿಯಾಕ ಇಳೀತಾರಂತ ಸಾಹುಕಾರ್ರು ಏಣಿ ತಗಸಿಬಿಟ್ರು. ಬ್ಯಾಸಗಿ. ನನಗ ಒಂದಕ್ಕ ಹೋಗೂದಿತ್ತು. ಏಣಿ ಹಚ್ಚಿಸ್ರಿ ಅಂತ ಬೇಡಿಕೊಂಡೆ. ‘ಅಲ್ಲೇ ಮಾಡ ರಂಡಿ, ಮಳಿ ಬಂತಂತ ತಿಳ್ಕೋತೇವಿ’ ಅಂದು ಜಳಕಕ್ಕ ಹ್ವಾದ್ರು.”

ಇಷ್ಟು ವರ್ಷ ಆ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

“ಕಾಕಾ ಬಚ್ಚಲದ ಮ್ಯಾಲಿನ ಪತ್ರಾದ ನಟ್ಟ ಬಿಚ್ಚಿ ಬಾಜೂಕ ಸರಿಸಿದ. ಕೆಳಗ ಸಾಹುಕಾರ್ರು. ಮೈತುಂಬ ಸಾಬೂನ, ಬ್ಯಾರೆ ಏನೂ ಇಲ್ಲ. ‘ನಮಸ್ಕಾರ್ರಿ ಸಾಹುಕಾರ್ರ’ ಅಂದ ಕಾಕಾ, ಭಾಳ ಮರ್ಯಾದಿಲಿಂದ. ‘ಏಣಿ ಹಚ್ಚಿಸ್ತೀರೇನು, ಇಲ್ಲಾಂದ್ರ ಆರೂ ಮಂದಿ ಇಲ್ಲೇ ಹಾದು ಇಳಿಯೂಣೇನ್ರಿ?’”

ಈ ಸಲ ಮೊದಲ ನಗು ಗಣ್ಯರ ಕುರ್ಚಿಯಿಂದಲೇ ಹೊರಟಿತು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು.

“ಮೈಕ್ ಬಂದ್ ಮಾಡ್ರೋ,” ಎಂದು ಸಾಹುಕಾರ ಹಲ್ಲು ಕಡಿದ. ಮೈಕ್ ಸತ್ತಿತು. ಆದರೆ ನೆಲದಿಂದ ಸೂರಿಗೆ ಕೂಗಿ ಪಳಗಿದ ಗಂಟಲು ಅವಳದು.

“ಟಾವೆಲ್ ಸುತ್ಕೊಂಡು ತಾವ ಏಣಿ ಹೊತ್ತು ತಂದ್ರು. ಏಣಿ ತಗಿಯೂ ಮನಿಗೆ ನಾವ್ ಬರೂದಿಲ್ಲಂತ ಕಾಕಾ ಊರೂರಿಗೆ ಹೇಳಿ ಬಂದ. ಅವತ್ತಿನಿಂದ ಈ ಸೀಮ್ಯಾಗ ಯಾವ ಭಾಡ್ಯಾನೂ ನಮ್ಮ ಏಣಿ ಮುಟ್ಟಿಲ್ಲ.”

“ಹೊರಗ ಹಾಕ್ರಿ ಈಕೀನ. ನಾಳಿಂದ ಇವ್ರಿಗೆ ಮೂಡಲಗ್ಯಾಗ ಯಾರ್ ಕೆಲಸ ಕೊಡ್ತಾರ, ನಾನೂ ನೋಡ್ತೇನಿ,” ಎಂದು ಸಾಹುಕಾರ ಅರಚಿದ.

ಯಾರೂ ಹೊರಗೆ ಹಾಕಬೇಕಾಗಲಿಲ್ಲ. ಮೊದಲು ಗುಡುಬಿ ಎದ್ದಳು. ಹಿಂದೆ ಅಲ್ತಾಫ, ಅವನ ಹಿಂದೆ ಉಳಿದ ಆಳುಗಳೆಲ್ಲ. ಗೇಟು ದಾಟುತ್ತಲೇ ಗುಡುಬಿ ರಸ್ತೆಯ ನಡುವೆಯೇ ಕೂತುಬಿಟ್ಟಳು. ಎಲ್ಲರೂ ಸುತ್ತ ಕೂತರು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಸತ್ತೆವ್ವ ಗಾಬರಿಯಿಂದ ಬಗ್ಗಿ ನೋಡಿದಳು. ನಲವತ್ತು ದಿನದಲ್ಲಿ ಮೊದಲ ಸಲ ಗುಡುಬಿ ನಗುತ್ತಿದ್ದಳು.

“ಈ ಬಚ್ಚಲದ ಸುದ್ದಿ ನನ್ನ ಮುಂದ ಹೇಳೇ ಇಲ್ಲ ನೋಡ ಆ ಮನಷ್ಯಾ. ಮತ್ತೇನೇನ್ ಮಾಡ್ಯಾನ? ಒಬ್ಬೊಬ್ಬರ ಹೇಳ್ರಿ.”

ಅಷ್ಟರಲ್ಲಿ ಮುಖ್ಯ ಅತಿಥಿಯ ಕಾರು ಬಂದು ಹಾರ್ನ್ ಹೊಡೆಯಿತು. ಅಪ್ಪಣ್ಣ ಓಡಿಬಂದ.

“ಏಳ್ರಿ, ಸಾಹೇಬ್ರು ಬಂದಾರ. ದಾರಿ ಬಿಡ್ರಿ.”

“ಇಲ್ಲೆ ಶೋಕಸಭಾ ನಡದೈತ್ರಿ,” ಎಂದಳು ಸತ್ತೆವ್ವ. “ಅವ್ರಿಗೂ ಕುಂಡ್ರಾಕ ಹೇಳ್ರಿ. ಜಾಗಾ ಐತಿ.”

ಹಾರ್ನ್ ಮತ್ತೆ ಅರಚಿತು. ಅದು ನಿಲ್ಲುವವರೆಗೆ ಕಾದ ಅಲ್ತಾಫ, ಗುಡುಬಿಯ ಕಡೆ ಸರಿದು ಕೂತು, ಕುಲಗೋಡದಲ್ಲಿ ಹಂಚು ಹೊದಿಸುವಾಗ ನಡೆದದ್ದನ್ನು ಹೇಳಲು ಶುರುಮಾಡಿದ.