ಹನ್ನೆರಡನೆಯ ಭಾಗ

ಹಯಗ್ರೀವ ಮಾಸ್ತರ ಹರಿಪುರದ ಸಾವಿನ ಮನೆಯ ಬಾಗಿಲಲ್ಲಿ ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದಕ್ಕೆ ಬಗ್ಗಿದ್ದ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಆಳು ಬಂದು ಅವನ ರಟ್ಟೆ ಹಿಡಿದ.

"ಬಾಗಲದಾಗ ಯಾಕ ನಿಂತ್ರಿ? ಮುಂದ ಬರ್ರಿ, ಕುಂದ್ರಿ. ರುಮಾಲು ಸುತ್ತಿದ ಹಿರೇರು ಹಿಂದ ನಿಂತ್ರ ಚಂದ ಕಾಣಸೂದಿಲ್ಲ."

ಹಿಂದೆ ಎಲ್ಲಾದರೂ ಗೋಡೆಗೆ ಆತು ನಿಂತು, ಒಮ್ಮೆ ಕೈ ಮುಗಿದು, ಯಾರ ಕಣ್ಣಿಗೂ ಬೀಳದೆ ಮಿರಜಿನ ಗಾಡಿ ಹತ್ತಬೇಕೆಂದು ಬಂದವನು ಅವನು. ಇಲ್ಲಿ ನೋಡಿದರೆ ಜನ ಸರಿದು ಸರಿದು ದಾರಿ ಬಿಟ್ಟರು. ಕಂಬಳಿ ಹಾಸಿ ಎಲ್ಲರಿಗಿಂತ ಮುಂದೆ ಕೂಡಿಸಿದರು, ಸತ್ತವನ ಎದುರಿಗೇ.

ಲಿಂಗವಂತರ ಮನೆಯಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮಾಸ್ತರನಿಗೆ ಇದು ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇರೆ, ಮೂರು ಮೊಳ ದೂರದಲ್ಲಿ ಎದುರುಬದುರು ಕೂಡುವುದು ಬೇರೆ. ಗುರುಸಿದ್ಧಪ್ಪ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹಣೆಗೆ ಮೂರೆಳೆ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಎಡ ಅಂಗೈಯಲ್ಲಿ ಲಿಂಗ. ಎಷ್ಟು ತಿಕ್ಕಿ ತೊಳೆದಿದ್ದರೂ ಉಗುರಿನ ಸಂದಿಯ ಅರಿಷಿಣ ಹೋಗಿರಲಿಲ್ಲ. ಸಾಂಗಲಿ ಪೇಟೆಯ ಅರಿಷಿಣವನ್ನು ಹರಿಪುರದಲ್ಲಿ ನೆಲದೊಳಗಿನ ಹಗೇವುಗಳಿಗೆ ತುಂಬಿಸುವ ಕೆಲಸಕ್ಕೆ ಮೂವತ್ತು ವರ್ಷ ಆಳುಗಳ ಮುಕಾದಮನಾಗಿದ್ದವನು. ಮಾಸ್ತರ ಅವನನ್ನು ಕಂಡದ್ದು ಇದೇ ಮೊದಲು.

"ಯಾವೂರ್ರಿ ನಿಮ್ದು?" ರಟ್ಟೆ ಹಿಡಿದು ತಂದವನು ಕೇಳಿದ. ಅವನು ಹಣಮಂತ, ಗುರುಸಿದ್ಧಪ್ಪನ ಕೈಕೆಳಗಿನ ಹಗೇವಿನ ಆಳು.

"ಮಿರಜ. ಸಾಲಿ ಮಾಸ್ತರ ಇದ್ದೀನಿ. ಛಾಪಖಾನಿ ಧನಪಾಲರು ಹೇಳಿ ಕಳಿಸಿದ್ರು, ಹಿಂಗಾಗೇದ ಅಂತ."

"ಅವರ ಕಡಿಂದ ಗುರ್ತೇನ್ರಿ?"

"ಹೂಂ. ಹಂಗಂತ ತಿಳೀರಿ."

ಮನೆಗೆ ಹೋಗಿ ತಲೆಯ ಮೇಲೆ ನಾಲ್ಕು ತಂಬಿಗೆ ನೀರು ಹೊಯ್ದುಕೊಂಡರೆ ಸಾವಿನ ಮೈಲಿಗೆ ಹೋದೀತು. ಹೊಟ್ಟೆಯೊಳಗೆ ಮೂರು ವರ್ಷದಿಂದ ಕೂತದ್ದು ಯಾವ ನೀರಿಗೆ ಹೋಗಬೇಕು? ಮಾಸ್ತರ ತಲೆ ತಗ್ಗಿಸಿ ಕಂಬಳಿಯ ಎಳೆ ಕೀಳುತ್ತ ಕೂತ.

*

ಮೂರು ವರ್ಷದ ಹಿಂದೆ ಧನಪಾಲನ ಛಾಪಖಾನೆಯಿಂದ ತಿಂಗಳಿಗೊಂದು ಮರಾಠಿ ಪುಸ್ತಿಕೆ ಹೊರಡುತ್ತಿತ್ತು. ದಾಜೀಸಾಹೇಬನೆಂಬ ಪೆನ್ಶನ್ ಆದ ಮಾಮಲೇದಾರ, ಭಿಕೋಬಾ ಎಂಬ ಅವನ ಅಡಿಗೆಯವ; ಇಬ್ಬರೂ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಿಗೆ ರೆಕ್ಕೆ ಕಟ್ಟಿ, ಕೆಂಡ ಹಾಕಿ, ಆಕಾಶಕ್ಕೆ ಹಾರುತ್ತಾರೆ. ಮೋಡದ ಊರುಗಳಲ್ಲಿ ಕಂದಾಯ ಎತ್ತಲು ಹೋಗಿ ಒದೆ ತಿನ್ನುತ್ತಾರೆ. ಮಾಂತ್ರಿಕನೊಬ್ಬ ದಾಜೀಸಾಹೇಬನ ಮೀಸೆ ಕದ್ದು ಓಡಿದರೆ ಬೆನ್ನಟ್ಟಿ ಶುಕ್ರಗ್ರಹದವರೆಗೆ ಹೋಗುತ್ತಾರೆ. ಬರೆಯುತ್ತಿದ್ದವನು 'ಗಗನವಿಹಾರಿ'. ಆ ಗಗನವಿಹಾರಿ ಸಂಸ್ಥಾನದ ಸಾಲೆಯಲ್ಲಿ ಸಂಸ್ಕೃತ ಕಲಿಸುವ ಹಯಗ್ರೀವ ಮಾಸ್ತರ ಎಂಬುದು ಧನಪಾಲನೊಬ್ಬನಿಗೇ ಗೊತ್ತಿರಬೇಕಾಗಿತ್ತು.

ಪ್ರತಿ ಭಾಗ ಬಂದ ವಾರದೊಳಗೆ ಹರಿಪುರದಿಂದ ಛಾಪಖಾನೆಗೆ ಗುರುಸಿದ್ಧಪ್ಪನ ಒಂದು ಕಾರ್ಡು; ಧನಪಾಲ ಅದನ್ನು ಮಾಸ್ತರನ ಮನೆಗೆ ಮುಟ್ಟಿಸುತ್ತಿದ್ದ. ಕನ್ನಡದಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ.

"ಏಳನೇ ಭಾಗ ಓದಿದೆ. ನಾನು ಮರಾಠಿ ಓದಿ ಆಳುಗಳಿಗೆ ಕನ್ನಡದಾಗ ಹೇಳತೇನಿ. ಮೀಸಿ ಕದ್ದದ್ದು ಕೇಳಿ ಒಬ್ಬ ನಕ್ಕೋತ ಹಗೇವಿನಾಗ ಬಿದ್ದ. ಪೆಟ್ಟಾಗಿಲ್ಲ. ಒಂದು ತಪ್ಪು ಐತಿ. ಭಿಕೋಬಾ ಬಂಬಿನಾಗ ಹಸಿ ಕಟಗಿ ಹಾಕಿದ ಅಂತ ಬರದೀರಿ. ಹಸಿ ಕಟಗಿಗೆ ಹೊಗಿ ಆಗತೈತಿ, ಬಂಬ ಏಳೂದಿಲ್ಲ. ಸಿಟ್ಟಾಗಬ್ಯಾಡ್ರಿ."

ಮಾಸ್ತರ ಸಿಟ್ಟಾಗಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕಾರ್ಡಿನ ದಾರಿ ಕಾಯುತ್ತಿದ್ದ. ಎಂಟನೆಯ ಭಾಗದಲ್ಲಿ ಗುಟ್ಟಾಗಿ ಒಣ ಕಟ್ಟಿಗೆ ಹಾಕಿಸಿದ.

ಹನ್ನೊಂದನೆಯ ಭಾಗದಲ್ಲಿ ಇಬ್ಬರೂ ಚಂದ್ರನ ಮೇಲಿಳಿದರು. ಕೆಂಡ ತೀರಿತು. ಚಂದ್ರನಲ್ಲಿ ಕಟ್ಟಿಗೆಯಿಲ್ಲ, ಕುಳ್ಳಿಲ್ಲ. ಹೇಗೆ ಇಳಿಸುವುದು? ಮಾಸ್ತರನಿಗೆ ಹೊಳೆಯಲಿಲ್ಲ. ಅದೇ ಹೊತ್ತಿಗೆ ಗುಟ್ಟೂ ರಟ್ಟಾಯಿತು. ಸಾಲೆಯಲ್ಲಿ ಎಲ್ಲರೆದುರು ಹಿರಿಯ ಪಂಡಿತರೊಬ್ಬರು, "ಏನ್ ಮಾಸ್ತರ, ನಿಮ್ಮ ಬಂಬಿನಾಗ ನಮಗೂ ಎರಡು ತಂಬಿಗಿ ನೀರು ಕಾದಾವೇನು?" ಅಂದರು. ನಗದವರೇ ಇಲ್ಲ. ಮಾಸ್ತರನೂ ಹಲ್ಲು ಕಿರಿದು ನಕ್ಕ. ನಕ್ಕು ಮನೆಗೆ ಬಂದರೆ ಹರಿಪುರದ ಕಾರ್ಡು ಬಂದು ಕೂತಿತ್ತು: "ಎರಡು ತಿಂಗಳಾತು. ಚಂದ್ರನ ಮ್ಯಾಲಿಂದ ಯಾವಾಗ ಇಳೀತಾರ್ರಿ? ಆಳುಗಳು ದಿನಾ ಕೇಳತಾವ."

ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ. ಮಾಸ್ತರ ನಿಂತ ಕಾಲಲ್ಲೇ ಮರಾಠಿಯಲ್ಲಿ ಮರುಉತ್ತರ ಗೀಚಿದ, ಕೈಬರಹಕ್ಕೆ ಎಲ್ಲರೂ ಬಳಸುವ ಮೋಡಿ ಲಿಪಿಯಲ್ಲಿ. ಗಗನವಿಹಾರಿ ಎಂದು ಸಹಿ ಹಾಕಿ ಟಪಾಲು ಪೆಟ್ಟಿಗೆಗೆ ಹಾಕಿದ ಮೇಲೆ ಮನಸ್ಸು ಚುರ್ ಅಂದಿತು. ಆದರೆ ಪೆಟ್ಟಿಗೆಗೆ ಬಿದ್ದ ಕಾರ್ಡು ತಿರುಗಿ ಬರುತ್ತದೆಯೇ? ಹರಿಪುರದಿಂದ ಮತ್ತೆ ಕಾರ್ಡು ಬರಲಿಲ್ಲ. ಮಾಸ್ತರ ಮತ್ತೆ ಕತೆ ಬರೆಯಲಿಲ್ಲ.

*

"ಇನ್ನ ಮ್ಯಾಲ ದಾಜೀಸಾಹೇಬನ ಕತಿ ಯಾರ ಬಾಯಿಲೆ ಕೇಳೂದು?" ಎಂದು ನಿಟ್ಟುಸಿರಿಟ್ಟವನು ಸಮಡೋಳಿಯ ಭೂಪಾಲ. ಅರಿಷಿಣದ ಗಾಡಿ ಹೊಡೆಯುವ ಜೈನರವ, ಹರಿಪುರಕ್ಕೆ ಬಂದಾಗಲೆಲ್ಲ ಕತೆ ಕೇಳಿಯೇ ಎತ್ತು ಕಟ್ಟುತ್ತಿದ್ದವನು. "ಎಷ್ಟ ಸರ್ತಿ ಕೇಳಿದ್ರೂ ಚಂದ್ರನಿಂದ ಇಳಿಯೂದು ಕೇಳಲಿಲ್ಲಂದ್ರ ಸಮಾಧಾನ ಆಗತಿರಲಿಲ್ಲ."

ಮಾಸ್ತರ ತಲೆಯೆತ್ತಿದ. "ಇಳಿಯೂದು? ಎಲ್ಲಿ ಇಳಿದ್ರು ಅವರು?"

"ನೀವು ಓದಿಲ್ಲೇನ್ರಿ ಮಾಸ್ತರ?" ಹಣಮಂತನಿಗೆ ಸಾವಿನ ಮನೆಯಲ್ಲೂ ಹುರುಪು ಬಂತು. "ಭಿಕೋಬಾನ ಉಡಿಯೊಳಗ ಒಂದು ಅರಿಷಿಣ ಗಡ್ಡಿ ಇತ್ತರಿ. ಕುದಿಸಿದ್ದಲ್ಲ ಮತ್ತ, ಹಸೀದು. ಕುದಿಸಿದ್ದು ಚಿಗಿಯೂದಿಲ್ಲ. ಚಂದ್ರನ ಮಣ್ಣಾಗ ಅದನ್ನ ಊರಿದ. ಒಂಬತ್ತ ತಿಂಗಳು ಕಾದ್ರು, ಹೊಲಕ್ಕ ಹೊಲಾನೇ ಹಬ್ಬಿತು. ಎಲಿ ಒಣಗಿದ್ವು. ಆ ಒಣಾ ಎಲಿ ಬಂಬಿನಾಗ ತುಂಬಿ ಉರಿ ಹಚ್ಚಿದ್ರು ನೋಡ್ರಿ, ಬುರ್ರಂತ ಬಂದು ಕೃಷ್ಣಾ ಹೊಳ್ಯಾಗ ಬಿದ್ರು."

"ಗಡ್ಡಿ ಅಲ್ಲೇ ಬಿಟ್ಟು ಬಂದ್ರು," ಭೂಪಾಲ ಸೇರಿಸಿದ. "ಅದಕ್ಕ ಚಂದ್ರ ಹುಟ್ಟೂವಾಗ ಹಳದಿ."

ಮಾಸ್ತರನ ಕಿವಿ ಕೆಂಪಾದವು. ಕಾವ್ಯ, ಅಲಂಕಾರ, ವ್ಯಾಕರಣ ಎಲ್ಲ ಅರೆದು ಕುಡಿದವನಿಗೆ ಮೂರು ವರ್ಷ ಹೊಳೆಯದ್ದು ಇಷ್ಟೇ ಆಗಿತ್ತು, ಒಂದು ಹಸಿ ಗಡ್ಡೆ.

"ಇದು... ಯಾವ ಪುಸ್ತಕದಾಗ ಅದ?"

"ಪುಸ್ತಕ ಎಲ್ಲೀದ್ರಿ? ಪುಸ್ತಕ ಬರೂದು ನಿಂತಿತ್ತು. ಬರದವರೇ ಗುರುಸಿದ್ಧಪ್ಪಣ್ಣಗ ಕಾರ್ಡ್ ಹಾಕಿದ್ರು." ಹಣಮಂತ ದನಿ ತಗ್ಗಿಸಿದ. "ಆ ದಿನ ಊಟದ ಹೊತ್ತು, ನಾವೆಲ್ಲಾ ಸುತ್ತ ಕುಂತಿದ್ವಿ. ಟಪಾಲಿನವ ಬಂದು ಕೊಟ್ಟ. ಅಣ್ಣಾ ಓದಿದ್ರು. ಕಣ್ಣಿನ ಚಾಳೀಸು ತಗದು ಧೋತರಲೆ ಒರಿಸಿಕೊಂಡ್ರು. 'ಏನ್ ಬರದಾರ್ರಿ?' ಅಂತ ನಾನೇ ಕೇಳಿದೆ. 'ತಡಿಯೋ. ಬರದವರು ದೊಡ್ಡ ಮನಷ್ಯಾ, ನಮ್ಮ ಸಲುವಾಗಿ ಕತಿ ಪೂರಾ ಮಾಡಿ ಕಳಿಸ್ಯಾರ' ಅಂದ್ರು. ಕಣ್ಣಾಗ ನೀರ ಬಂದಿದ್ವು ಅವರಿಗೆ, ಸಂತೋಷಕ್ಕ. ಎಂಟ ದಿನ ಓದಿದ್ರು ಅದನ್ನ."

"ಒಂದ ಕಾರ್ಡಿನಾಗ ಎಂಟ ದಿನದ ಕತಿ?" ಮಾಸ್ತರ ಕೇಳಿದ.

"ಮೋಡಿ ಅಲ್ಲೇನ್ರಿ? ನಮಗೇನ ಬರತೈತಿ ಅದು. ಲೇಖಣಿ ಎತ್ತಲಾರದ ಬರೀತಾರಂತ, ಭಾಳ ಹಿಡಿಸತೈತಂತ. ಅಣ್ಣಾ ಹೇಳತಿದ್ರು."

ಒಳಗೆ ಹೆಂಗಸರ ನಡುವಿನಿಂದ ನೀಲಗಂಗವ್ವ ಎದ್ದು ಬಂದಳು, ಗುರುಸಿದ್ಧಪ್ಪನ ಹೆಂಡತಿ. ಅತ್ತು ಅತ್ತು ಮುಖ ಊದಿತ್ತು. ಕೈಯಲ್ಲಿ ಅರಿಷಿಣದ ಬೆರಳಚ್ಚು ಮೆತ್ತಿದ, ಮೂಲೆ ಸವೆದ ಒಂದು ಕಾರ್ಡು.

"ಮಾಸ್ತರ, ನಿಮಗ ಮೋಡಿ ಬರತೈತೇನ್ರಿ?"

ಇಲ್ಲ ಅನ್ನಬಹುದಾಗಿತ್ತು. ತಲೆ ತಾನಾಗಿ ಹೂಂ ಅಂದಿತು.

"ಹಂಗಾದ್ರ ಪುಣ್ಯಾ ಬರತೈತಿ, ಒಂದ ಸಲಾ ಓದ್ರಿ. ಅವರು ಕೇಳಿಕೋತ ಹೋಗ್ಲಿ. ಮೂರ ವರ್ಷ ಇದನ್ನ ದೇವರ ಮಾಡದಾಗ ಇಟ್ಟಿದ್ರು."

"ಲಗೂ ಮುಗಸ್ರಿ," ಎಂದರು ವಿಧಿ ಮಾಡಿಸಲು ಬಂದ ಅಯ್ಯನವರು. "ಎತ್ತೂ ಹೊತ್ತಾತು."

ಮಾಸ್ತರ ಕಾರ್ಡು ಇಸಿದುಕೊಂಡ. ತನ್ನದೇ ಕೈಬರಹ. ಎಷ್ಟು ಸೊಟ್ಟಗಿತ್ತು ಅದು, ಎಷ್ಟು ಅವಸರದ್ದು.

"ಬೆಳೆದ ಮನುಷ್ಯ ಹುಡುಗಾಟದ ಕತೆಗೆ ಬಾಯಿ ತೆರೆದು ಕೂಡುವುದು ನಾಚಿಕೆಗೇಡು. ಅರಿಷಿಣ ತುಂಬುವವನು ಅರಿಷಿಣ ತುಂಬಿಕೊಂಡಿರಬೇಕು. ಸಾಹಿತ್ಯದ ತಪ್ಪು ಎಣಿಸಬಾರದು. ಇನ್ನು ಮುಂದೆ ಕಾರ್ಡು ಬರೆಯಬೇಡ."

ಹೇಳಿಬಿಡಲೇ? ನಾನೇ ಆ ಗಗನವಿಹಾರಿ, ಇದರಲ್ಲಿ ಕತೆಯಿಲ್ಲ, ಬೈಗುಳವಿದೆ, ಅಂತ? ಹೇಳಿದರೆ ತನ್ನ ಎದೆ ಹಗುರಾದೀತು. ಆದರೆ ಎದುರಿಗೆ ಕೂತವನು ತನ್ನ ಮಂದಿಯ ಮುಂದೆ, ಮಣ್ಣಿಗೆ ಹೋಗುವ ದಿನ, ಸುಳ್ಳುಗಾರನಾದಾನು. ಹೇಳದಿದ್ದರೆ ತಾನು ಇದೇ ಕಂಬಳಿಯ ಮೇಲೆ ದೊಡ್ಡ ಮನುಷ್ಯನಾಗಿ ಕೂತಿರಬೇಕು.

ಅವನು ಓದತೊಡಗಿದ. "ಭಿಕೋಬಾನ ಉಡಿಯೊಳಗ ಒಂದು ಹಸಿ ಅರಿಷಿಣ ಗಡ್ಡಿ ಇತ್ತು..."

ಕಣ್ಣು ಒಂದೊಂದೇ ಬೈಗುಳದ ಮೇಲೆ, ಬಾಯಲ್ಲಿ ಚಂದ್ರನ ಹೊಲ. ಎಡವಿದಲ್ಲಿ ಭೂಪಾಲ ಮುಂದಿನ ಮಾತು ಎತ್ತಿಕೊಟ್ಟ. ಬಂಬು ಹೊಳೆಗೆ ಬಿದ್ದಾಗ ಅಳುತ್ತಿದ್ದ ಆಳುಗಳು ಮೂಗು ಒರೆಸಿಕೊಂಡು ನಕ್ಕರು. ಅಯ್ಯನವರೂ ಸಣ್ಣಗೆ ನಕ್ಕರು. ಮಾಸ್ತರ ಮುಗಿಸಿ ಕಾರ್ಡು ಇಳಿಸಿದ.

"ಕಡೀ ಸಾಲು ಬಿಟ್ರಿ," ಎಂದಳು ನೀಲಗಂಗವ್ವ.

"ಯಾವುದು ತಾಯಿ?"

"ಕೆಳಗ ಐತಿ ನೋಡ್ರಿ, ಸಹಿ ಮ್ಯಾಲ. ನನಗ ಬಾಯಿಪಾಠ ಐತಿ. 'ಗುರುಸಿದ್ಧಪ್ಪಾ, ನಿನ್ನ ಕಾರ್ಡ್ ಬರದಿದ್ರ ನನಗ ಈ ಕತಿ ಮುಗಸಲಿಕ್ಕೆ ಆಗತಿರಲಿಲ್ಲ. ಇನ್ನ ಮುಂದೂ ಬರೀತಿರು.' ಅದನ್ನ ಅವರು ಎರಡ ಸಲಾ ಓದತಿದ್ರು."

ಸಹಿಯ ಮೇಲಿನ ಸಾಲನ್ನು ಮಾಸ್ತರ ನೋಡಿದ. ಅಲ್ಲಿದ್ದದ್ದು ಕಾರ್ಡು ಬರೆಯಬೇಡ ಎಂಬುದು. ಅವನು ತಲೆಯೆತ್ತಿ, ಸತ್ತವನ ಮುಖ ನೋಡುತ್ತ ಅವಳು ಹೇಳಿದಂತೆಯೇ ಹೇಳಿದ. ಎರಡನೆಯ ಸಲ ಹೇಳುವಾಗ ದನಿ ಒಡೆದು, ಬಿಕ್ಕು ಬಂತು. ಪಕ್ಕದವರು ಬೆನ್ನು ಸವರಿದರು. "ಭಾಳ ಹಚಗೊಂಡಾರ ಪಾಪ," ಎಂದ ಹಣಮಂತ. ಆ ಮಾತಿಗೆ ಮಾಸ್ತರನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಯ್ಯನವರು ಸನ್ನೆ ಮಾಡಿದರು. ಬಾಳೆಯ ಕಂಬ ಕಟ್ಟಿದ ಚಟ್ಟವನ್ನು ಒಳಗೆ ತಂದು ಗುರುಸಿದ್ಧಪ್ಪನನ್ನು ಕೂತ ಹಾಗೆಯೇ ಎತ್ತಿ ಕೂಡಿಸಿದರು. ನೀಲಗಂಗವ್ವ ಕಾರ್ಡು ತೆಗೆದುಕೊಂಡು ಗಂಡನ ಬಲಗೈ ಬೆರಳುಗಳ ನಡುವೆ ಸಿಕ್ಕಿಸಲು ಹೋದಳು. ಸಿಕ್ಕಿಸಿ, ತಡೆದು, ಹಿಂದೆ ಮುಂದೆ ಮಾಡಿದಳು.

"ಮಾಸ್ತರ, ಇದರ ಮ್ಯಾಲಿನ ಕಡಿ ಯಾವುದ್ರಿ? ಅವರಿಗೆ ಉಲ್ಟಾ ಆಗಬಾರದು."

ಮಾಸ್ತರ ಎದ್ದು ಹೋದ. ತಣ್ಣಗಾದ ಬೆರಳುಗಳನ್ನು ಬಿಡಿಸಿ, ಕಾರ್ಡನ್ನು ತಿರುಗಿಸಿ, ಅಕ್ಷರಗಳು ಅವನ ಮುಖಕ್ಕೆ ನೇರವಾಗಿ ಬರುವಂತೆ ಹಿಡಿಸಿದ.