ಹೇಳಿಕಳಸು ಡಾಟ್ ಕಾಮ್

"ನಿಲ್ರಿ, ನಿಲ್ರಿ! ಪೆಟಗಿ ಸಿಕ್ಕದ!" ಎಂದು ಮಚ್ಛೇಂದ್ರ ಒಳಗಿನಿಂದ ಕೂಗಿದ.

ನಾಲ್ವರು ಹೊತ್ತಿದ್ದ ಶವಪೆಟ್ಟಿಗೆ ಇಕ್ಕಟ್ಟಾದ ಪಡಸಾಲೆಯ ನಡುವೆ ನಿಂತುಬಿಟ್ಟಿತು. ಬೆಳಿಗ್ಗೆ ಖಾಲಿಯಿದ್ದಾಗ ಅದನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ಸವರಿಕೊಂಡು ಒಳಗೆ ತಂದಿದ್ದರು. ಈಗ ಎಡಿತ ಅದರಲ್ಲಿ ಮಲಗಿದ್ದಳು; ನಿಲ್ಲಿಸುವಂತಿರಲಿಲ್ಲ. ಎರಡೂ ಬದಿಗೆ ಅವಳು ಮೂವತ್ತೈದು ವರ್ಷ ಕೂಡಿಹಾಕಿದ ಯಂತ್ರಗಳು ಎದೆಮಟ್ಟ ಪೇರಿಸಿದ್ದವು.

"ಇವನ್ನೆಲ್ಲ ಗುಜರಿಗಿ ಹಾಕು ಅಂತ ಎಷ್ಟು ಸಲ ಹೇಳೀನಿ" ಎಂದ ಅವಳ ತಮ್ಮ ಥಾಮಸ. ಹೇಳಿ ಹತ್ತು ವರ್ಷಕ್ಕೂ ಮೇಲಾಗಿತ್ತು. ಭಾಲ್ಕಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ಅವನು ಅಷ್ಟು ಕಾಲದಿಂದ ಔರಾದಿನ ಈ ಅಂಗಡಿಗೆ ಕಾಲಿಟ್ಟಿರಲಿಲ್ಲ.

"ಪೆಟಗಿ ಕೆಳಗಿಡ್ರಿ. ಮೊದಲ ಸಾಮಾನ ಹೊರಗ ಹಾಕೋಣು" ಎಂದ ಮಚ್ಛೇಂದ್ರ. ಅವನು ಎಡಿತಳ ಕೈಕೆಳಗೆ ಕೆಲಸಕ್ಕೆ ಸೇರಿ ಆಮೇಲೆ ಪಾಲುದಾರನಾದವನು.

ಎರಡು ಸಾವಿರದ ಹದಿನಾರರ ಮೇ ತಿಂಗಳು. ಬೀದಿಯಲ್ಲಿ ನೀರಿನ ಟ್ಯಾಂಕರಿಗಾಗಿ ಕೊಡ ಸಾಲಿಟ್ಟು ಕೂತಿದ್ದ ಹೆಂಗಸರು ಎದ್ದು ಬಂದು ಕೈಹಚ್ಚಿದರು. ಟೈಪ್‌ರೈಟರುಗಳು ಹೊರಬಿದ್ದವು. ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಬಂತು. ಹೊಟ್ಟೆ ಉಬ್ಬಿದ ಹಳೆಯ ಕಂಪ್ಯೂಟರುಗಳು ಬಂದವು. ತಹಸೀಲ ಕಚೇರಿಯ ನಡುವಯಸ್ಸಿನ ಗುಮಾಸ್ತನೊಬ್ಬ ಒಂದು ಟೈಪ್‌ರೈಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೀಲಿ ಒತ್ತಿ ನೋಡಿದ.

"ಇದು ನಂದೇ ರೀ, ನಾ ಟೈಪಿಂಗ ಕಲ್ತ ಮಶೀನು. ಇದರ 'ಕ' ಹೊಡದ್ರ ಹೊಳ್ಳಿ ಬರ್ತಿದ್ದಿಲ್ಲ. ಎಡಿತಕ್ಕ ಅದಕ್ಕ ನನಗ 'ಕ' ಇಲ್ಲದ ಅರ್ಜಿ ಬರೀ ಅಂತಿದ್ಳು."

ಸುತ್ತ ನಿಂತವರು ನಕ್ಕರು. ಥಾಮಸನಿಗೆ ಕಸಿವಿಸಿಯಾಯಿತು. ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವಳು ಹಾಗೆಯೇ ಹೋಗಿದ್ದಳು. ಅರವತ್ತೆರಡು ವರ್ಷ, ಮದುವೆಯಾದವಳಲ್ಲ. ಅವಳ ಮಣ್ಣಿಗೆ ಅಳುವವರಿರಲಿಕ್ಕಿಲ್ಲ ಎಂದುಕೊಂಡು ಬಂದಿದ್ದ. ನಗುವವರಿರುತ್ತಾರೆ ಎಂದು ಎಣಿಸಿರಲಿಲ್ಲ.

"ಪಾಸ್ಟರು ಬೀದರದಿಂದ ಬಂದು ಕೂತಾರ. ಹನ್ನೆರಡಕ್ಕ ಎತ್ತೋಣು" ಎಂದ.

"ಇನ್ನ ಸ್ವಲ್ಪ ತಡೀರಿ ಮಾಸ್ತರ. ಕುಲಸುಮಬೀ ಬರ್ಲಾಕತ್ತಾಳ. ಹೈದ್ರಾಬಾದ ಬಸ್ಸು ಗಡಿ ದಾಟ್ಯಾದಂತ."

"ಯಾರಕಿ?"

ಮಚ್ಛೇಂದ್ರ ಅವನ ಮುಖ ನೋಡಿದ. "ನಮ್ಮ ಮೂರನೇ ಪಾಲುದಾರಳು ರೀ."

*

ಎರಡು ಸಾವಿರದ ಮೂರರಲ್ಲೂ ಮಳೆ ಕೈಕೊಟ್ಟಿತ್ತು. ಊರೂರಿನ ಜನ ಗಂಟು ಕಟ್ಟಿಕೊಂಡು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಎಕಂಬಾದ ಮಚ್ಛೇಂದ್ರ ಆಗ ಇಪ್ಪತ್ತಮೂರರ ತರುಣ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದ. ಎಡಿತ ಟೈಪಿಂಗ್ ಕ್ಲಾಸಿನ ಅರ್ಧ ಜಾಗದಲ್ಲಿ ಎರಡು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಹಾಕಿಸಿದ್ದಳು. ಮೋಡೆಮ್ಮು ದಿನವಿಡೀ ಕೀರಲುಗುಟ್ಟುತ್ತಿತ್ತು, ಒಳಗೆ ಬರುವವರಿರಲಿಲ್ಲ.

ಒಂದು ದಿನ ಶಾಲುಬಾಯಿ ಎಂಬ ಹೆಂಗಸು ಫೋನ್ ಬೂತಿಗೆ ಬಂದು ನಿಂತಳು. ಗಂಡ ಕಾಶೀರಾಮ ಹೈದರಾಬಾದಿನಲ್ಲಿ ಗಾರೆಕೆಲಸಕ್ಕಿದ್ದ.

"ಯಾವ ನಂಬರಿಗಿ ಹಚ್ಚಲಿ?" ಎಂದಳು ಎಡಿತ.

"ನಂಬರ ಇಲ್ರಿ. ಬೆಳಿಗ್ಗಿ ಕೂಲಿಯವರು ನಿಲ್ತಾರಲ್ಲ, ಆ ಅಡ್ಡಾದಾಗ ನಿಲ್ತಾನ. ಅಷ್ಟೇ ಗೊತ್ತು."

ಎಡಿತ ಕಂಪ್ಯೂಟರಿನ ಕಡೆ ತಿರುಗಿದಳು. "ಮಚ್ಛೇಂದ್ರ, ನಿನ್ನ ಇಂಟರ್ನೆಟ್ಟು ನಂಬರ ಇಲ್ಲದವರಿಗಿ ಮುಟ್ಟತದೇನು?"

"ಆ ಕಡಿ ಓದಿ ಹೇಳೋರು ಬೇಕ್ರಿ."

"ಹುಡುಕೋಣು, ತಗೋ."

ಮರುದಿನ ಬೆಳಗಿನ ಬಸ್ಸಿಗೇ ಎಡಿತ ಹೈದರಾಬಾದಿಗೆ ಹೋಗಿ, ವಿಚಾರಿಸುತ್ತ ಆ ಅಡ್ಡಾ ಹುಡುಕಿದಳು. ಆ ಅಡ್ಡಾದ ಎದುರಿಗೆ ಒಂದು ಸಣ್ಣ ಸೈಬರ್ ಕೆಫೆ ಇತ್ತು. ಅದನ್ನು ನಡೆಸುತ್ತಿದ್ದ ಕುಲಸುಮಬೀಯ ತವರು ಔರಾದೇ ಎಂದು ಗೊತ್ತಾದಾಗ ಎಡಿತ ಅಲ್ಲಿಯೇ ಅವಳನ್ನು ತಬ್ಬಿಕೊಂಡಳಂತೆ. ಕುಲಸುಮಬೀಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಓದುತ್ತಿದ್ದಳು. ಹಾಗಾಗಿ ಎಡಿತ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕಳಿಸುವುದು, ಕುಲಸುಮಬೀ ಬೆಳಿಗ್ಗೆ ಆರಕ್ಕೆ ಸ್ಟೂಲಿನ ಮೇಲೆ ನಿಂತು ಹೆಸರು ಕರೆದು ಓದುವುದು, ಉತ್ತರ ಬರೆದುಕೊಳ್ಳುವುದು ಎಂದಾಯಿತು. ಅಂಗಡಿಯ ಮೇಲೆ ಬೋರ್ಡು ಏರಿತು: ಹೇಳಿಕಳಸು ಡಾಟ್ ಕಾಮ್. ಎರಡು ವರ್ಷದಲ್ಲಿ ನಲವತ್ತು ಹಳ್ಳಿಗಳ ಸುದ್ದಿ ಆ ಎರಡು ಕಂಪ್ಯೂಟರಿನ ಮೂಲಕ ಹೋಗಿಬರತೊಡಗಿತು.

*

ಹೈದರಾಬಾದಿನ ಬಸ್ಸಿನಿಂದ ಕುಲಸುಮಬೀಯ ಜೊತೆ ಹನ್ನೊಂದು ಜನ ಇಳಿದರು. ದಪ್ಪ ಕನ್ನಡಕದ ಆ ಹೆಂಗಸು ನೇರ ಒಳಗೆ ಹೋಗಿ, ಪೆಟ್ಟಿಗೆಯ ಅಂಚು ಹಿಡಿದು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಎದುರಿಗೆ ಕಾಶೀರಾಮ ನಿಂತಿದ್ದ. ಪಕ್ಕದಲ್ಲಿ ಶಾಲುಬಾಯಿ.

"ಯಾ ಅಲ್ಲಾ! ಹಾಲು!" ಎಂದಳು ಕುಲಸುಮಬೀ.

ಶಾಲುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನದು?" ಎಂದು ಪಾಸ್ಟರು ಕೇಳಿದರು.

ಕಾಶೀರಾಮ ಗಂಟಲು ಸರಿಮಾಡಿಕೊಂಡ. "ಒಂದು ದಿನ ಬೆಳಿಗ್ಗಿ ಈ ಬಾಯಿ ಸ್ಟೂಲ ಮ್ಯಾಲ ನಿಂತು ಏನಂತ ಓದಿದ್ಳು ಕೇಳ್ರಿ. 'ಕಾಶೀರಾಮ, ಎಮ್ಮಿ ಈದದ, ಮನಿ ಎಲ್ಲಾ ಹಾಳು ಹಾಳು!'"

"ನಾ ಏನ್ ಮಾಡ್ಲಿ? ಇಂಗ್ಲಿಷ್‌ನಾಗ ಹಾಲು ಭೀ ಅದೇ, ಹಾಳು ಭೀ ಅದೇ!"

"ಎಮ್ಮಿ ಸತ್ತದೋ, ಮನಿ ಬಿದ್ದದೋ! ಕೈಯಾಗಿನ ಕರಣಿ ಅಲ್ಲೇ ಒಗದು ಬಸ್ಸು ಹತ್ತಿದೆ ನೋಡ್ರಿ. ಔರಾದ ಬರೂತನಕ ಅತ್ಕೋತ ಬಂದೆ. ಕಂಡಕ್ಟರ್ ನೀರು ಕುಡಿಸಿದ. ಮನಿಗಿ ಬಂದು ನೋಡ್ತೇನಿ—"

"ಒಂದು ತಾಟ ಗಿಣ್ಣ ತಿಂದ. ತಿಂದು ಮತ್ತ ಅತ್ತ" ಎಂದಳು ಶಾಲುಬಾಯಿ.

ಪಡಸಾಲೆಯೇ ನಕ್ಕಿತು. ಕೊಡದ ಸಾಲಿನ ಹೆಂಗಸರೂ ನಕ್ಕರು. ಅಂದಿನಿಂದ ಎಡಿತ ಯಾರ ಮನೆಯ ಹಾಲನ್ನೂ 'ದೂಧ್' ಎಂದೇ ಹೊಡೆಯುತ್ತಿದ್ದಳೆಂದು ಮಚ್ಛೇಂದ್ರ ಹೇಳಿದಾಗ ಪಾಸ್ಟರು ಬೈಬಲ್ಲನ್ನು ಮುಖಕ್ಕೆ ಅಡ್ಡ ಹಿಡಿದರು. ಥಾಮಸ ತುಟಿ ಬಿಗಿಹಿಡಿದು ನಿಂತಿದ್ದ. ಅಕ್ಕ ಮಲಗಿರುವಾಗ ನಗಬಾರದು ಎಂದು ಎಷ್ಟು ತಡೆದರೂ ಮೂಗಿನಿಂದ ನಗೆ ಹೊರಟೇಬಿಟ್ಟಿತು.

ಈ ಸಲ ಪೆಟ್ಟಿಗೆ ಎಲ್ಲೂ ತಗಲದೆ ಹೊರಬಂತು.

*

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯವರನ್ನು ಎರಡು ಸಾವಿರದ ಐದರಲ್ಲಿ ಕರೆತಂದವನು ಥಾಮಸನೇ. ಅಕ್ಕನ ಹೆಸರು ಪೇಪರಿನಲ್ಲಿ ಬರುತ್ತದೆ, ಅಂಗಡಿ ದೊಡ್ಡದಾಗುತ್ತದೆ ಎಂಬ ಹಿಗ್ಗು ಅವನಿಗೆ. ಬಂದ ಇಬ್ಬರು ಲ್ಯಾಪ್‌ಟಾಪ್ ತೆರೆದು ಎಲ್ಲ ನೋಡಿದರು, ಮೆಚ್ಚಿದರು. ಕೊನೆಗೆ, ಯಾವ ಊರಿನವರು ಎಲ್ಲೆಲ್ಲಿ ಕೂಲಿಗಿದ್ದಾರೆ ಎಂಬ ಪಟ್ಟಿ ಕೇಳಿದರು.

"ಕಾಂಟ್ರಾಕ್ಟರುಗಳಿಗೆ ಬೇಕಾಗುತ್ತೆ ಮೇಡಂ. ಆಳು ಎಲ್ಲಿ ಕಡಿಮೆಗೆ ಸಿಗ್ತಾರೆ ಅನ್ನೋದು ತಿಳಿಯುತ್ತೆ. ವ್ಯಾಪಾರ ಇರೋದೇ ಅದರಲ್ಲಿ."

ಎಡಿತ ಅವರ ಮುಂದೆ ಚಹಾ ಇಟ್ಟಳು. "ಚಹಾ ಕುಡೀರಿ. ಪಟ್ಟಿ ಕೊಡೂದಿಲ್ರಿ. ಅವರು ತಮ್ಮ ಹೇಣ್ತಿ ಮಕ್ಕಳಿಗಿ ಹೇಳಿದ್ದು ಅದು. ನಿಮಗಲ್ಲ."

ಅವರು ಹೋದ ಮೇಲೆ ಥಾಮಸ ಕೂಗಾಡಿದ. "ಇವತ್ತು ಕೊಡಲಿಲ್ಲಂದ್ರ ನಾಳಿ ಯಾರೂ ಕೇಳೂದಿಲ್ಲ! ಎರಡು ವರ್ಷದಾಗ ಕೂಲಿಯವರ ಕಿಸೆದಾಗೂ ಫೋನು ಬರ್ತದ. ನಿನ್ನ ದುಕಾನ ಬಾಗಲ ಹಾಕ್ತದ!"

"ಎಲ್ಲಾರ ಕಿಸೆದಾಗೂ? ಖರೇನೇ ಹೇಳ್ತಿಯೇನೋ?" ಎಂದಳು ಎಡಿತ. ಮುಖ ಅರಳಿತ್ತು. ತನ್ನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡು ಅವನು ಎದ್ದುಹೋದ.

ಎರಡು ವರ್ಷದ ಮೇಲೆ ಭಾಲ್ಕಿಗೆ ಬಂದ ಬಸ್ಸಿನ ಕಂಡಕ್ಟರ್ ಅವನಿಗೊಂದು ಪೇಢೆಯ ಡಬ್ಬಿ ತಂದುಕೊಟ್ಟ. ಒಳಗೆ ಚೀಟಿ: 'ನೀನು ಹೇಳಿದ್ದೇ ಆಯಿತು. ಅಂಗಡಿ ಮುಚ್ಚಿದೆ. ಬಾ.' ಥಾಮಸ ಚೀಟಿ ಹರಿದ. ಪೇಢೆಯನ್ನು ಜೊತೆಯ ಮಾಸ್ತರರಿಗೆ ಹಂಚಿದ. ತಾನು ಒಂದನ್ನೂ ಬಾಯಿಗಿಡಲಿಲ್ಲ. ಆಮೇಲೆ ಕ್ರಿಸ್ಮಸ್ಸಿಗೆ ಬೀದರಿನ ಚರ್ಚಿನಲ್ಲಿ ಕಂಡಾಗ ಇಬ್ಬರೂ ಕೈಕುಲುಕುತ್ತಿದ್ದರು. ಬಿಸಿಲಿನ ಮಾತು, ಮೊಣಕಾಲಿನ ಮಾತು. ಅಷ್ಟೇ.

*

ಮಣ್ಣು ಹಾಕಿ ಮುಗಿದ ಮೇಲೆ ಗೋರಿಗುಡ್ಡೆಯ ಬೇವಿನ ನೆರಳಲ್ಲಿ ಮಚ್ಛೇಂದ್ರ ಅವನಿಗೆ ನೀರು ಕೊಟ್ಟ.

"ದುಕಾನ ಮುಚ್ಚಿದಾಗ ಆಕಿ ಪೇಢೆ ಕಳಸಿದ್ದು ನಿನಗ ನೆಪ್ಪದೇನು?" ಎಂದು ಥಾಮಸ ಕೇಳಿದ. ಕೇಳಬೇಕೆಂದು ಕೇಳಿದ್ದಲ್ಲ.

"ಹ್ಯಾಂಗ ಮರೀಲಿ ರೀ? ಆ ಸೋಮವಾರ ದುಕಾನಕ್ಕ ಒಬ್ರೂ ಬರಲಿಲ್ಲ. ನನಗ ಅಳು ಬಂತು. ಅಕ್ಕ ಬಾಗಲದಾಗ ನಿಂತು ರಸ್ತಾ ನೋಡ್ಲಾಕತ್ತಿದ್ಳು. ಇದೇ ಶಾಲುಬಾಯಿ ಕಿವಿಗಿ ಫೋನು ಹಚ್ಕೊಂಡು ಗಂಡನ ಜೋಡಿ ಜಗಳ ಮಾಡ್ಕೋತ ಹೊಂಟಿದ್ಳು. ನಮ್ಮ ಕಡಿ ಹೊಳ್ಳಿನೂ ನೋಡಲಿಲ್ಲ. ಅಕ್ಕ ಅಂದ್ಳು, 'ನೋಡೋ, ನಡುವ ನಾ ಇಲ್ಲದ ಬೈಲಾಕತ್ತಾಳ! ಹೋಗು, ಪೇಢೆ ತಾ.'"

"ನನಗ್ಯಾಕ ಕಳಸಿದ್ಳು?"

"ಮೊದಲನೇ ಡಬ್ಬಿನೇ ನಿಮ್ದು ರೀ. 'ಇದು ಬರ್ತದಂತ ಎಲ್ಲಾರಕಿಂತ ಮೊದಲ ಕಂಡಾಂವ ನನ್ನ ತಮ್ಮ' ಅಂತ ಆ ಕಂಡಕ್ಟರ್ ಮುಂದೂ ಹೇಳಿದ್ಳು. ನಿಮ್ಮ ದಾರಿ ಭಾಳ ದಿನ ನೋಡಿದ್ಳು. ಮುಂದ ಹೆಣ್ಮಕ್ಕಳಿಗಿ ಫೋನು ಕಲಸೋದು ಚಾಲೂ ಮಾಡಿದ್ಳಲ್ಲ, ಆಗೂ ನಿಮ್ಮನ್ನ ಕೇಳಿ ಮಾಡಬೇಕಿತ್ತು ಅಂತಿದ್ಳು."

ಥಾಮಸ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತ.

"ಆ ಚೀಟಿ ನಾ ಬ್ಯಾರೆ ಓದಿದೆ" ಎಂದ.

"ಏನ್ರಿ?"

"ಏನಿಲ್ಲ."

ಅಂಗಡಿಗೆ ಬೀಗ ಹಾಕಿ ಬರುತ್ತೇನೆಂದು ಸಂಜೆ ನಾಲ್ಕಕ್ಕೆ ಒಬ್ಬನೇ ನಡೆದು ಹೋದ. ಮೆಟ್ಟಿಲ ಮೇಲೆ ಮುದುಕಿಯೊಬ್ಬಳು ಕೂತಿದ್ದಳು. ಕೇಶರಬಾಯಿಯಂತೆ, ಸಾಯಗಾಂವದಿಂದ ಮಗನ ಮನೆಗೆ ಬಂದವಳು. ಮಗಳು ಈ ಬರಕ್ಕೆ ಪುಣೆಗೆ ಕೆಲಸಕ್ಕೆ ಹೋಗಿ, ತಾಯಿಗೊಂದು ದೊಡ್ಡ ಫೋನು ಕಳಿಸಿದ್ದಳು.

"ಮಾರಿ ನೋಡಿ ಮಾತಾಡೋದು ಕಲಸ್ತೇನಿ ಬಾ ಅಂದಿದ್ಳು ಎಡಿತಕ್ಕ. ಎಲ್ಲಿ ಹೋಗ್ಯಾಳ್ರಿ?"

"ಅಕ್ಕ ತೀರಿದ್ಳು ಬಾಯಿ. ಈಗ ಮಣ್ಣು ಮಾಡಿ ಬಂದೇನಿ."

ಮುದುಕಿ ಹಣೆಗೆ ಕೈಯಿಟ್ಟು ಅಳತೊಡಗಿದಳು. ಥಾಮಸ ಅವಳ ಪಕ್ಕದಲ್ಲಿ ಕೂತ. ಆಗಲೇ ಅವಳ ಮಡಿಲಲ್ಲಿ ಫೋನು ಬೆಳಗಿ ಬಡಕೊಳ್ಳತೊಡಗಿತು.

"ಮಗಳದ್ದು! ನೀವೇ ಹಿಡೀರಿ, ನಿಮಗ ಬರ್ತದ!"

ಅವನಿಗೂ ಬರುತ್ತಿರಲಿಲ್ಲ. ಹಸಿರು ಗುಂಡಿಯನ್ನು ಒತ್ತಿದ, ಎಳೆದ, ಮತ್ತೆ ಒತ್ತಿದ. ಆಮೇಲೆ ರೂಢಿಯಂತೆ ಕಿವಿಗೆ ಹಚ್ಚಿಕೊಂಡ.

"ಹಲೋ?"

"ಅವ್ವಾ!" ಎಂದು ಒಳಗಿನಿಂದ ಕಿರುಚಿದ ದನಿ ಕೇಳಿತು. "ಇದ್ಯಾರದವ್ವಾ ಕಿವಿ? ಕೂದ್ಲಾ ಬೆಳದಾವ!"

ಕೇಶರಬಾಯಿಯ ಕೆನ್ನೆ ಇನ್ನೂ ಒದ್ದೆಯಿತ್ತು. ಅವಳು ಥಾಮಸನ ಮುಂಗೈ ಹಿಡಿದು ಫೋನನ್ನು ಮೆಲ್ಲಗೆ ಮುಂದಕ್ಕೆ ತಂದಳು. ಅಂಗೈಯಗಲದ ಬೆಳಕಿನಲ್ಲಿ, ಹುಬ್ಬಿಗೂ ಸಿಮೆಂಟಿನ ಧೂಳು ಮೆತ್ತಿಕೊಂಡ ಹೆಣ್ಣುಮಗಳೊಬ್ಬಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಆ ಕಿವಿ ತಾವೂ ನೋಡಬೇಕೆಂದು ನಾಲ್ಕಾರು ಹೆಂಗಸರು ಅವಳ ಭುಜದ ಮೇಲಿಂದ ಮುಖ ತುರುಕಲು ನೂಕಾಡುತ್ತಿದ್ದರು.