ಹೆಣ್ಣು ಸಾಲು

"ಅದೇನ ತಡವಾಕತ್ತಿ, ನಿನ್ನ ಗಂಡನ ಗಲ್ಲ ಅಂತ ತಿಳದೀಯೇನ? ಕಿತ್ತ ಒಗಿ."

ಬದುವಿನ ಮೇಲೆ ನಿಂತ ಗುರಲಿಂಗಪ್ಪ ಸಾಹೇಬನ ಮಾತಿಗೆ ಶಂಕ್ರೆವ್ವ ತಲೆ ಎತ್ತಲಿಲ್ಲ. ಜೋಳದ ತೆನೆಯನ್ನು ಅಂಗೈಗೆ ಮೆಲ್ಲಗೆ ಬಡಿದಳು. ಹಳದಿ ಪುಡಿ ಉದುರಿತು. ದಂಟನ್ನು ಬೇರುಸಹಿತ ಕಿತ್ತು, ಪುಡಿ ಹಾರದಂತೆ ತೆನೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಸರ್ಕಾರದ ಈ ಬೀಜದ ಹೊಲದಲ್ಲಿ ನಾಲ್ಕು ಹೆಣ್ಣು ಸಾಲಿಗೆ ಎರಡು ಗಂಡು ಸಾಲು. ಹೆಣ್ಣು ಸಾಲಿನ ತೆನೆಗೆ ಸ್ವಂತ ಹೂವಿನ ಪುಡಿ, ಪರಾಗ, ಇರಬಾರದು. ಗಂಡು ಸಾಲಿನಿಂದ ಹಾರಿಬಂದದ್ದೇ ಕೂಡಬೇಕು, ಆಗಲೇ ಅದು ಹೈಬ್ರಿಡ್ ಬೀಜ. ನಡುವೆ ಒಂದೊಂದು ಬೆರಕೆ ಗಿಡ ಹುಟ್ಟಿ ತಾನೇ ಪುಡಿ ಬಿಡುತ್ತದೆ. ಅದನ್ನು ಬಿಸಿಲೇರುವ ಮೊದಲೇ ಕೀಳಬೇಕು. ಎಪ್ಪತ್ತೆರಡರ ಬರ ಕಳೆದ ಮೇಲೆ ಇಲ್ಲಿ ಕೂಲಿಗೆ ಸೇರಿದ ಶಂಕ್ರೆವ್ವನಿಗೆ ಬೆರಕೆ ಯಾವುದೆಂದು ಹತ್ತು ಹೆಜ್ಜೆ ಆಚೆಯಿಂದಲೇ ತಿಳಿಯುತ್ತಿತ್ತು. ಉಳಿದ ಹೆಂಗಸರು ಅವಳು ತೋರಿಸಿದ್ದನ್ನೇ ಕೀಳುವುದು. ಸಾಹೇಬನಿಗೆ ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಹೋದ ವರ್ಷ ತಾನೇ ಹೊಲಕ್ಕಿಳಿದು ಒಳ್ಳೆಯ ಮೂರು ಗಿಡ ಕಿತ್ತು, ಬೈಗುಳ ಇವಳಿಗೆ ಕೊಟ್ಟಿದ್ದ.

"ನಾಳೆ ಧಾರವಾಡದಿಂದ ತಪಾಸಣಿ ಸಾಹೇಬ್ರು ಬರ್ತಾರ. ಬೆರಕಿ ಕಂಡ್ರ ನಾಕೂ ಎಕರೆ ಬೀಜ ನಪಾಸು. ನನ್ನ ಪ್ರಮೋಶನ್ನೂ ಹೋತು. ತಿಳೀತೇನ?"

"ತಿಳೀತ್ರಿ."

ಸಂಜೆ ಗೇಟಿನಲ್ಲಿ ಸಾಹೇಬನೇ ನಿಂತು ಮಾಡುವ ಝಡತಿ. ಹೆಂಗಸರು ಒಬ್ಬೊಬ್ಬರಾಗಿ ಬಂದು ಸೆರಗು ಝಾಡಿಸಿ ಹೊರಗೆ ಹೋಗಬೇಕು. ಶಂಕ್ರೆವ್ವನ ಸೊಸೆ ಕಾಶಿಬಾಯಿಯ ಸರದಿ ಬಂತು.

"ಹೊಟ್ಟೀಗೆ ಏನ ಕಟ್ಕೊಂಡೀದಿ?"

"ಆಕಿ ಬಸರದಾಳ್ರಿ. ಆರು ತಿಂಗಳು" ಎಂದಳು ಶಂಕ್ರೆವ್ವ ಹಿಂದಿನಿಂದ.

"ನಿಮ್ಮ ಕೇರ್ಯಾಗ ಜೋಳಾ ಕದಿಯೂಮುಂದ ಎಲ್ಲಾರೂ ಬಸರ ಇರ್ತಾರ. ಬಿಚ್ಚು."

"ತೆನಿ ಇನ್ನಾ ಹೂವಿನ್ಯಾಗ ಐತ್ರಿ, ಹಾಲೂ ಕೂಡಿಲ್ಲ. ಕದಿಯಾಕ ಕಾಳರ ಎಲ್ಲಿ ಅದಾವ್ರಿ?" ಶಂಕ್ರೆವ್ವ ಮುಂದೆ ಬಂದಳು.

"ನನಗ ಒಕ್ಕಲತನಾ ಕಲಸ್ತಿ, ರಂಡಿ? ರೂಲ್ಸ್ ಅಂದ್ರ ರೂಲ್ಸು."

ಕಾಶಿಬಾಯಿ ಬಿಚ್ಚಿದಳು. ಕಾವಲಿನ ಫಕೀರಸಾಬ ಗೇಟಿನ ಚಿಲಕವನ್ನೇ ನೋಡುತ್ತ ನಿಂತ. ಸಾಹೇಬ ಸಾಲು ಅಳೆಯುವ ಕೋಲಿನ ತುದಿಯಿಂದ ಅವಳ ಬರಿ ಹೊಟ್ಟೆಯನ್ನು ಎರಡು ಸಲ ಒತ್ತಿದ, ಸಂತೆಯಲ್ಲಿ ಕಲ್ಲಂಗಡಿ ನೋಡುವವನ ಹಾಗೆ.

"ಹೂಂ, ಖರೇನ ಐತಿ" ಎಂದು ನಕ್ಕ. "ಉಟ್ಕೊ, ನಡಿ."

ಮನೆಯ ಹೊಸ್ತಿಲಲ್ಲಿ ಕುಳಿತ ಮೇಲೆ ಕಾಶಿಬಾಯಿ ಅಂದಳು:

"ಕೂಸು ಸುಮ್ಮಕಾಗೇತ್ರಿ ಅತ್ತಿ. ಅದಕ್ಕೂ ನಾಚಿಕಿ ಆತೋ ಏನೋ."

ಶಂಕ್ರೆವ್ವ ಒಳಗೆ ಹೋದಳು. ಒಲೆ ಹೊತ್ತಿಸಿದಳು, ರೊಟ್ಟಿ ಬಡಿದಳು, ಸೊಸೆಗೆ ಉಣ್ಣಿಸಿದಳು. ತನ್ನ ರೊಟ್ಟಿ ಮುರಿಯಲಿಲ್ಲ.

ಮರುದಿನ ಹೊತ್ತು ಹುಟ್ಟುವ ಮೊದಲೇ ಸಾಲಿಗಿಳಿದಳು. ಕಾಶಿಬಾಯಿ ಬಂದಿರಲಿಲ್ಲ. ಮೂರನೆಯ ಸಾಲಿನಲ್ಲಿ ಮೊದಲ ಬೆರಕೆ ಕಂಡಿತು. ರೂಢಿಯಂತೆ ಕೈ ದಂಟಿನ ಬುಡಕ್ಕೆ ಹೋಯಿತು. ಇಬ್ಬನಿಗೆ ದಂಟು ತಣ್ಣಗಿತ್ತು. ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿದ್ದಳು. ಬಿಟ್ಟಳು.

ಪಕ್ಕದ ಸಾಲಿನಿಂದ ಪೀರಬಿ ಕೇಳಿದಳು: "ಶಂಕ್ರೆವ್ವಕ್ಕ, ಇದು ಬೆರಕಿ ಹೌದೇನ?"

ಹೌದಾಗಿತ್ತು.

"ಅಲ್ಲವ್ವಾ, ಚಲೋ ಗಿಡ ಐತಿ. ಮುಂದ ನಡಿ."

ನಾಳೆಯಿಂದ ತನಗೆ ಇಲ್ಲಿ ಕೂಲಿ ಇರುವುದಿಲ್ಲ. ಇಂಡಿ ತಾಲೂಕಿನ ಕಡೆ ನಿಂಬೆಹಣ್ಣು ಹರಿಯಲು ಹೋದರಾಯಿತು. ಮುಳ್ಳು ಚುಚ್ಚಿದರೆ ಚುಚ್ಚಲಿ. ಸಾಲು ಮುಗಿಯುವಷ್ಟರಲ್ಲಿ ಹದಿನೇಳು ಬೆರಕೆ ತೆನೆಗಳನ್ನು ಮುಟ್ಟಿ, ನೋಡಿ, ದಾಟಿದ್ದಳು.

ಮೋರಟಗಿ ರಸ್ತೆಯಲ್ಲಿ ಜೀಪಿನ ಧೂಳು ಎದ್ದಿತು. ಇಸ್ತ್ರಿಯ ಅಂಗಿ ಹಾಕಿಕೊಂಡ ಗುರಲಿಂಗಪ್ಪ ಬದುವಿನಿಂದ ಕೂಗಿದ:

"ಎಲ್ಲಾ ಚೊಕ್ಕ ಆತೇನ?"

"ಆತ್ರಿ ಸಾಹೇಬ್ರ."

ಬಿಸಿಲೇರಿ ಗಾಳಿ ಬಿಟ್ಟಿತು. ಹೆಣ್ಣು ಸಾಲುಗಳೊಳಗಿಂದಲೇ ಹಳದಿ ಪುಡಿ ತೆಳ್ಳಗೆ ಏಳತೊಡಗಿತು.